ಪ್ರವಾಸ ಪ್ರಶ್ನೋತ್ತರ: ಪ್ರಾಗ್‌ನಲ್ಲಿ ಸಿಗುವುದು ಒಂದೇ ಮಧ್ಯಾಹ್ನ

ನಮ್ಮ ಕಡೆಯಿಂದ ಯುರೋಪಿಗೆ ಹೋಗುವವರ ಪ್ಯಾಕೇಜುಗಳಲ್ಲಿ ವಿಯೆನ್ನಾ, ಬುಡಾಪೆಸ್ಟ್‌ಗಳ ಜೊತೆ ಝೆಕ್ ದೇಶದ ರಾಜಧಾನಿ ಪ್ರಾಗ್ ಕೂಡ ಸೇರಿರುತ್ತದೆ. ಸಾವಿರ ವರ್ಷ ದಾಟಿದ ಆ ಊರಿಗೆ ಹೆಚ್ಚಿನವರಿಗೆ ಸಿಗುವುದು ಗೈಡ್ ಜೊತೆಗಿನ ಒಂದು ಮಧ್ಯಾಹ್ನ ಮಾತ್ರ. ಅದನ್ನು ಹೇಗೆ ಬಳಸಿಕೊಳ್ಳಬೇಕೆಂದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಮೇ ತಿಂಗಳಲ್ಲಿ ವಿಯೆನ್ನಾದಿಂದ ಬಸ್ಸಿನಲ್ಲಿ ಪ್ರಾಗ್ ಮುಟ್ಟಿ, ಮಧ್ಯಾಹ್ನ 2ರಿಂದ 6ರವರೆಗೆ ಗೈಡ್ ಜೊತೆ ಊರು ನೋಡುವ ಕಾರ್ಯಕ್ರಮವಿದೆ. ಹಳೇ ಪೇಟೆಯ ಚೌಕ, ಗಡಿಯಾರ, ಚಾರ್ಲ್ಸ್ ಸೇತುವೆ, ಕೊನೆಗೆ ಕೋಟೆ ಎಂದು ಬರೆದಿದ್ದಾರೆ. ನಾಲ್ಕು ತಾಸು ಸಾಕೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಸಾಕು. ಆದರೆ ನಿಮಗೆ ಕೊಟ್ಟಿರುವ ಕ್ರಮ ತಲೆಕೆಳಗಾಗಿದೆ. ಪ್ರಾಗ್ ಕೋಟೆಯ ಅಂಗಳಗಳು ರಾತ್ರಿ 10ರವರೆಗೆ ತೆರೆದಿದ್ದರೂ, ಒಳಗಿನ ಕೆಥೆಡ್ರಲ್ ಎಂಬ ದೊಡ್ಡ ಚರ್ಚು, ಹಳೆಯ ಅರಮನೆ, ಬೆಸಿಲಿಕಾ ಎಂಬ ಹಳೆಯ ಚರ್ಚುಗಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಂಜೆ 5ಕ್ಕೆ ಮುಚ್ಚುತ್ತವೆ. ಒಳಗೆ ಬಿಡುವುದನ್ನು ಅದಕ್ಕೂ ಮುಂಚೆಯೇ ನಿಲ್ಲಿಸುತ್ತಾರೆ. ಸೇತುವೆಗೆ ಬಾಗಿಲೇ ಇಲ್ಲ. ಹಳೇ ಪೇಟೆಯ ಟೌನ್ ಹಾಲ್ ಗೋಡೆಯಲ್ಲಿರುವ ಗಡಿಯಾರದ ಬೊಂಬೆಗಳು ರಾತ್ರಿ 11ರವರೆಗೂ ತಾಸಿಗೊಮ್ಮೆ ತಿರುಗುತ್ತವೆ. ಮುಚ್ಚುವ ಜಾಗವನ್ನು ಕೊನೆಗಿಟ್ಟುಕೊಂಡವರು ಐದೂಕಾಲಿಗೆ ಏದುಸಿರು ಬಿಡುತ್ತ ಗುಡ್ಡ ಹತ್ತಿ, ಹೊರಗಿನ ಗೋಡೆಯ ಫೋಟೊ ತೆಗೆದುಕೊಂಡು ಇಳಿಯಬೇಕಾಗುತ್ತದೆ. ಕೋಟೆ ಇರುವುದು ಗುಡ್ಡದ ಮೇಲೆ, ಹಳೇ ಪೇಟೆ ಇರುವುದು ವಲ್ತಾವಾ ನದಿಯ ಮಟ್ಟದಲ್ಲಿ. ಮೇಲಿಂದ ಕೆಳಗೆ ಬಂದರೆ ಸಮಯವೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ.

ನಾವು ಹೇಳುವ ಕ್ರಮ ಇದು. 2ಕ್ಕೆ 22ನೇ ನಂಬರಿನ ಟ್ರಾಮ್ ಹತ್ತಿ. ‘ಪ್ರಾಜ್‌ಸ್ಕಿ ಹ್ರಾದ್’ ನಿಲ್ದಾಣದಲ್ಲಿ ಇಳಿದರೆ ಐದು ನಿಮಿಷದ ಸಪಾಟು ದಾರಿಯಲ್ಲಿ ಕೋಟೆಯ ಎರಡನೆಯ ಅಂಗಳ ಸಿಗುತ್ತದೆ. ಬಾಗಿಲಲ್ಲಿ ಬ್ಯಾಗು ತಪಾಸಣೆ ಇರಬಹುದಾದ್ದರಿಂದ ದೊಡ್ಡ ಬ್ಯಾಗುಗಳನ್ನು ಬಸ್ಸಿನಲ್ಲೇ ಬಿಡಿ. ಸಾಲಿಗೆಂದು ಇಪ್ಪತ್ತು ನಿಮಿಷ ಕೈಯಲ್ಲಿಟ್ಟುಕೊಂಡರೂ 3ರ ಒಳಗೆ ಸೇಂಟ್ ವೈಟಸ್ ಕೆಥೆಡ್ರಲ್ ಒಳಗಿರುತ್ತೀರಿ. ಅಲ್ಲಿ ಮುಕ್ಕಾಲು ತಾಸು, ಹಳೆಯ ಅರಮನೆಗೆ ಅರ್ಧ ತಾಸು, ಸೇಂಟ್ ಜಾರ್ಜ್ ಬೆಸಿಲಿಕಾಕ್ಕೆ ಹತ್ತು ನಿಮಿಷ, ಗೋಲ್ಡನ್ ಲೇನ್ ಎಂಬ ಪುಟ್ಟ ಮನೆಗಳ ಓಣಿಗೆ ಇಪ್ಪತ್ತು ನಿಮಿಷ. 5ಕ್ಕೆ ಕೆಳಗಿಳಿದು, 5.20ಕ್ಕೆ ಸೇತುವೆ ದಾಟಲು ಶುರು ಮಾಡಿದರೆ 6ರ ಗಂಟೆಗೆ ಸರಿಯಾಗಿ ಗಡಿಯಾರದ ಮುಂದೆ ನಿಂತಿರುತ್ತೀರಿ. ಮೇ ತಿಂಗಳಲ್ಲಿ ರಾತ್ರಿ ಎಂಟೂವರೆಯ ತನಕ ಬೆಳಕಿರುತ್ತದೆ. ಗೈಡ್ ಹೋದ ಮೇಲೂ ಹಳೇ ಪೇಟೆಯನ್ನು ನಿಧಾನವಾಗಿ ಸುತ್ತಬಹುದು.

ಕೆಥೆಡ್ರಲ್ಲಿನಲ್ಲಿ ಮುಕ್ಕಾಲು ತಾಸು ಯಾಕೆಂದರೆ, ಇಡೀ ಮಧ್ಯಾಹ್ನದ ಜೀವಾಳ ಅದೇ. 1344ರಲ್ಲಿ ಅಡಿಗಲ್ಲು ಬಿದ್ದ ಕಟ್ಟಡ ಪೂರ್ತಿಯಾದದ್ದು 1929ರಲ್ಲಿ. ಪೂರ್ವ ತುದಿ, ಅಂದರೆ ಬಲಿಪೀಠದ ಕಡೆಯದು, 14ನೇ ಶತಮಾನದ್ದು. ನೀವು ಒಳಹೋಗುವ ಪಶ್ಚಿಮದ ಭಾಗ 19ನೇ ಶತಮಾನದ ಕೊನೆಗೆ ಆರಂಭವಾಗಿ 20ನೇ ಶತಮಾನದಲ್ಲಿ ಮುಗಿದದ್ದು. ಎರಡೂ ಒಂದೇ ಕಾಲದ್ದೆಂದು ಕಾಣುವಂತೆ ಕಟ್ಟಿದ್ದಾರೆ. ‘ಹಳೆಯದು ಎಲ್ಲಿಂದ ಶುರುವಾಗುತ್ತದೆ ತೋರಿಸಿ’ ಎಂದು ಗೈಡ್‌ಗೆ ಕೇಳಿ, ಆ ಜಾಗದಲ್ಲಿ ನಿಂತು ಎರಡೂ ಕಡೆ ನೋಡಿ. ಒಳಹೋಗುವಾಗ ಎಡಗಡೆಯ ಕಿಟಕಿಗಳಲ್ಲಿ ಕಲಾವಿದ ಅಲ್ಫೋನ್ಸ್ ಮೂಖಾ ಬಣ್ಣ ಬರೆದ ಗಾಜಿನ ಕಿಟಕಿ ಇದೆ. ಬಲಗಡೆ ಸೇಂಟ್ ವೆನ್ಸೆಸ್ಲಾಸ್ ಪ್ರಾರ್ಥನಾ ಕೋಣೆ. ಅದರ ಮೂಲೆಯ ಬಾಗಿಲಿನಿಂದ ಹೋದರೆ ಬೊಹೆಮಿಯಾ (ಝೆಕ್ ನಾಡಿನ ಹಳೆಯ ರಾಜ್ಯ) ರಾಜರ ಕಿರೀಟವಿಟ್ಟ ಕೋಣೆ. ಆ ಕೋಣೆಗೆ ಏಳು ಬೀಗ. ದೇಶದ ಅಧ್ಯಕ್ಷ, ಪ್ರಧಾನಿ, ಆರ್ಚ್‌ಬಿಷಪ್ ಮುಂತಾದ ಏಳು ಜನರ ಕೈಯಲ್ಲಿ ಒಂದೊಂದು ಬೀಗದಕೈ. ಏಳೂ ಜನ ಸೇರದೆ ಬಾಗಿಲು ತೆಗೆಯುವುದಿಲ್ಲ.

ಕ್ರಮ ಬದಲಿಸಬೇಕೆಂಬುದನ್ನು ಟೂರ್ ಮ್ಯಾನೇಜರ್‌ಗೆ ಹೊರಡುವ ಮೊದಲೇ ಬರಹದಲ್ಲಿ ತಿಳಿಸಿ. ಸ್ಥಳೀಯ ಗೈಡ್‌ಗೆ ಎಲ್ಲಿ ಭೇಟಿಯಾಗಬೇಕೆಂದು ಮುಂಚೆಯೇ ಹೇಳಿರುತ್ತಾರೆ. ಬಸ್ಸಿನಲ್ಲಿ ಕೂತ ಮೇಲೆ ಕೇಳಿದರೆ ಆಗುವುದಿಲ್ಲ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ಕೆಥೆಡ್ರಲ್ ಪ್ರವಾಸಿಗರಿಗೆ ತೆರೆಯುವುದು ಮಧ್ಯಾಹ್ನ 12ಕ್ಕೆ. ಮಧ್ಯಾಹ್ನ ಹೋಗುವ ನಿಮಗೆ ಅದರಿಂದ ತೊಂದರೆಯಿಲ್ಲ, ಜನಸಂದಣಿ ಮಾತ್ರ ಹೆಚ್ಚು.

ಅದೇ ಟೂರ್ ನಾವು ಡಿಸೆಂಬರ್ ಕೊನೆಗೆ ತಗೊಂಡೀವಿ. ಏನಾದ್ರೂ ಫರಕ್ ಆಗ್ತದೇನ್ರಿ?
– ಓದುಗರು, ಮುಧೋಳ

ಬಹಳ ಆಗುತ್ತದೆ. ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದು ಸಂಜೆ 4ರ ಸುಮಾರಿಗೆ, ಕೋಟೆಯ ಒಳಭಾಗ ಮುಚ್ಚುವುದೂ 4ಕ್ಕೆ. ಮಧ್ಯಾಹ್ನದ ಟೂರನ್ನು 12ಕ್ಕೇ ಶುರು ಮಾಡಿಸಿ. ಕೋಟೆಯಲ್ಲಿ ಪ್ರತಿದಿನ 12ಕ್ಕೆ ಕಾವಲು ಬದಲಾವಣೆಯ ವಿಧಿ ನಡೆಯುತ್ತದೆ, ಅದೂ ಸಿಕ್ಕೀತು. ಊಟ ಮುಗಿಸಿ ಎರಡಕ್ಕೆ ಹೊರಟರೆ ಕೋಟೆಯೊಳಗೆ ಒಂದು ತಾಸೂ ಸಿಗುವುದಿಲ್ಲ. ಡಿಸೆಂಬರ್ 24, 25, 31ರಂದು ಸಮಯ ಬೇರೆಯಾಗುವುದುಂಟು; ಕೋಟೆಯ ಅಧಿಕೃತ ವೆಬ್‌ಸೈಟಿನಲ್ಲಿ ಆ ದಿನದ ವೇಳೆ ನೋಡಿಯೇ ಹೊರಡಿ. ನಮ್ಮ ಗಡಿಯಾರಕ್ಕಿಂತ ಅಲ್ಲಿಯದು ಚಳಿಗಾಲದಲ್ಲಿ ನಾಲ್ಕೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ಮೂರೂವರೆ ತಾಸು ಹಿಂದೆ.

ಅತ್ತಿ-ಮಾವ ಸೇರಿ ಐದ ಮಂದಿ ಹೊಂಟೇವ್ರಿ. ಮಾವಗ ಮೊಣಕಾಲ ನೋವು ಐತಿ, ಅತ್ತಿಗೆ ಏರ ಹತ್ತಿದ್ರ ಉಸರ ಕಟ್ತದ. ಗೈಡ್ ಹಿಂದ ಅವ್ರ ನಡೀಲಿಕ್ಕ ಆಗ್ತದೇನ್ರಿ, ಏನ್ ಹೋಟೆಲಿನ್ಯಾಗ ಬಿಟ್ಟ ಹೋಗೂದು?
– ಸೊಸೆ, ಜಮಖಂಡಿ

ಬಿಟ್ಟು ಹೋಗಬೇಡಿ, ತಾಯಿ. ಮೆಟ್ಟಿಲಿಲ್ಲದೆ ಮುಕ್ಕಾಲು ಭಾಗ ಪ್ರಾಗ್ ನೋಡಬಹುದು. ಮೋಸ ಮಾಡುವುದು ಕೋಟೆಯಿಂದ ಇಳಿಯುವ ದಾರಿ. ಗೋಲ್ಡನ್ ಲೇನ್ ಮುಗಿದ ಕೂಡಲೇ ಗೈಡ್‌ಗಳು ಪೂರ್ವದ ಬಾಗಿಲಿನಿಂದ ಹಳೆಯ ಮೆಟ್ಟಿಲುಗಳ ಕಡೆ ಕರೆದೊಯ್ಯುತ್ತಾರೆ. ಆ ಮೆಟ್ಟಿಲು ಉದ್ದ, ಇಳಿಜಾರು, ಮಳೆ ಬಂದರೆ ಜಾರುತ್ತದೆ. ಹತ್ತುವುದಕ್ಕಿಂತ ಇಳಿಯುವಾಗಲೇ ಮೊಣಕಾಲಿಗೆ ಹೆಚ್ಚು ಭಾರ ಬೀಳುತ್ತದೆ, ಹಾಗಾಗಿ ಮಾವನವರು ಆ ದಾರಿ ಹಿಡಿಯದಿರಲಿ. ಬಂದ ದಾರಿಯಲ್ಲೇ ವಾಪಸು ಟ್ರಾಮ್ ನಿಲ್ದಾಣಕ್ಕೆ ಬಂದು, 22ರಲ್ಲಿ ಕೂತು ‘ಮಾಲೊಸ್ತ್ರಾನ್ಸ್ಕೆ ನಾಮ್ಯೆಸ್ತಿ’ಯಲ್ಲಿ ಇಳಿದರೆ ಸೇತುವೆ ಹತ್ತಿರ, ದಾರಿಯೂ ಹೆಚ್ಚುಕಡಿಮೆ ಸಪಾಟು. ನಿಮ್ಮಲ್ಲೊಬ್ಬರು ಅವರ ಜೊತೆ ಹೋಗಿ, ಉಳಿದವರು ಗೈಡ್ ಜೊತೆ ಇಳಿದು ಸೇತುವೆಯ ಗೋಪುರದ ಕೆಳಗೆ ಸೇರಿಕೊಳ್ಳಿ.

ಕೆಥೆಡ್ರಲ್ಲಿನ ದಕ್ಷಿಣ ಗೋಪುರಕ್ಕೆ 287 ಮೆಟ್ಟಿಲು, ಲಿಫ್ಟ್ ಇಲ್ಲ. ಮೇಲಿಂದ ಊರು ನೋಡುವ ಆಸೆ ಇದ್ದರೆ ಹಳೇ ಪೇಟೆಯ ಟೌನ್ ಹಾಲ್ ಗೋಪುರಕ್ಕೆ ಹೋಗಿ; ಸುಮಾರು 70 ಮೀಟರ್ ಎತ್ತರದ ಅದಕ್ಕೆ ಲಿಫ್ಟ್ ಇದೆ. ಚಾರ್ಲ್ಸ್ ಸೇತುವೆ 516 ಮೀಟರ್ ಉದ್ದ, ವಾಹನ ಬಿಡುವುದಿಲ್ಲ, ನಡುನಡುವೆ ಕಟ್ಟೆಗೆ ಒರಗಿ ನಿಲ್ಲಬಹುದು, ಆದರೆ ಕೂಡಲು ಬೆಂಚು ಹುಡುಕಬೇಡಿ. ಮಡಚುವ ಕೈಗೋಲು ಇದ್ದರೆ ಒಯ್ಯಿರಿ. ಇಡೀ ಹಳೇ ಪೇಟೆಗೆ ಚಿಕ್ಕ ಚೌಕಾಕಾರದ ಕಲ್ಲು ಹಾಸಿದ್ದಾರೆ, ಸಂದಿಯಲ್ಲಿ ಕೋಲಿನ ತುದಿ ಸಿಕ್ಕಿಕೊಳ್ಳದಂತೆ ಅಗಲವಾದ ರಬ್ಬರ್ ಬುಡ ಇರಲಿ. ಮೆಟ್ರೊದ ಎಸ್ಕಲೇಟರುಗಳು ನಮ್ಮ ಮಾಲ್‌ಗಳದ್ದಕ್ಕಿಂತ ಉದ್ದ ಮತ್ತು ವೇಗ. ಅತ್ತೆಯವರಿಗೆ ಟ್ರಾಮೇ ವಾಸಿ.

ಟ್ರಾಮ್ ಟಿಕೆಟ್ ಕೊಂಡರೆ ಮುಗಿಯಲಿಲ್ಲ. ಕಾಗದದ ಟಿಕೆಟನ್ನು ಒಳಗಿರುವ ಹಳದಿ ಯಂತ್ರದಲ್ಲಿ ತೂರಿಸಿ ವೇಳೆ ಒತ್ತಿಸಬೇಕು. ಒತ್ತಿಸದ ಟಿಕೆಟ್ ಇದ್ದರೂ ಇಲ್ಲದಂತೆ, ದಂಡ ಬೀಳುತ್ತದೆ. ಐದು ಜನಕ್ಕೂ ಬೇರೆಬೇರೆ ಟಿಕೆಟ್ ಒತ್ತಿಸಿ.

ಮನೆತನದಲ್ಲಿ ಪಂಚಾಂಗ ನೋಡುವ ರೂಢಿ ಇದೆ. ಪ್ರಾಗ್ ಗಡಿಯಾರದಲ್ಲಿ ರಾಶಿಗಳಿವೆ ಎಂದು ಕೇಳಿದ್ದೇವೆ. ಅದನ್ನು ಓದುವುದು ಹೇಗೆ?
– ಓದುಗರು, ವಿಜಯಪುರ

ಇದನ್ನು ಕೇಳಿದ್ದಕ್ಕೆ ಸಂತೋಷ. ಬಹುತೇಕ ಗುಂಪುಗಳು ಬೊಂಬೆಗಳ ಆಟ ನೋಡಿ ಹೊರಟುಬಿಡುತ್ತವೆ. ಆ ಆಟ ಮುಗಿಯಲು ಒಂದು ನಿಮಿಷವೂ ಬೇಡ: ಅಸ್ಥಿಪಂಜರ ಗಂಟೆ ಎಳೆಯುತ್ತದೆ, ಎರಡು ಕಿಟಕಿಗಳಲ್ಲಿ ಕ್ರಿಸ್ತನ 12 ಶಿಷ್ಯರು ಹಾದುಹೋಗುತ್ತಾರೆ, ಬಂಗಾರ ಬಣ್ಣದ ಹುಂಜ ಕೂಗುತ್ತದೆ. ನಿಜವಾದ ಸೊಗಸು ಆ ಕಿಟಕಿಗಳ ಕೆಳಗಿನ ಮುಖಫಲಕದಲ್ಲಿದೆ. ಅದು 24 ತಾಸೂ ನೋಡಸಿಗುತ್ತದೆ. ಗಂಟೆ ಹೊಡೆದು ಜನ ಚದುರಿದ ಮೇಲೆ ಹತ್ತಿರ ಹೋಗಿ ನಿಲ್ಲಿ.

1410ರಲ್ಲಿ ಮಾಡಿದ ಈ ಯಂತ್ರದ ನಡುವೆ ಭೂಮಿ. ಸೂರ್ಯ, ಚಂದ್ರ, ರಾಶಿಚಕ್ರಗಳು ಅದರ ಸುತ್ತ ತಿರುಗುತ್ತವೆ. ಮೊದಲು ಬಂಗಾರದ ಸೂರ್ಯನನ್ನು ಹೊತ್ತ ಮುಳ್ಳು ಹುಡುಕಿ. ಅದರ ತುದಿಯ ಕೈ ಎರಡು ಬಗೆಯ ಅಂಕಿಗಳ ಮೇಲೆ ಹಾಯುತ್ತದೆ. ರೋಮನ್ ಅಂಕಿಗಳು ಈಗಿನಂಥ ತಾಸುಗಳನ್ನು ಹೇಳುತ್ತವೆ. ಅಂಚಿನ ಕಪ್ಪು ಬಳೆಯ ಮೇಲಿನ ಬಂಗಾರದ ಅಂಕಿಗಳು ಹಳೆಯ ಝೆಕ್ ವೇಳೆ: ಅಲ್ಲಿ ದಿನ ಶುರುವಾಗುವುದು ಸೂರ್ಯಾಸ್ತದಿಂದ. ಮುಳ್ಳು 24ಕ್ಕೆ ಬಂದಿತೆಂದರೆ ಸೂರ್ಯ ಮುಳುಗಿದ. ಸೂರ್ಯಾಸ್ತದ ಹೊತ್ತು ದಿನದಿನಕ್ಕೂ ಸರಿಯುವುದರಿಂದ ಆ ಬಳೆಯೂ ವರ್ಷವಿಡೀ ಹಿಂದೆಮುಂದೆ ಸರಿಯುತ್ತಿರುತ್ತದೆ. ನೀಲಿ ಭಾಗದ ಬಾಗಿದ ಬಂಗಾರದ ಗೆರೆಗಳು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು 12 ಪಾಲು ಮಾಡುತ್ತವೆ. ಬೇಸಿಗೆಯಲ್ಲಿ ಪಾಲು ದೊಡ್ಡದು, ಚಳಿಗಾಲದಲ್ಲಿ ಚಿಕ್ಕದು. ರಾಹುಕಾಲ ತೆಗೆಯಲು ದಿನಮಾನವನ್ನು ಎಂಟು ಪಾಲು ಮಾಡುವ ನಿಮಗೆ ಈ ಲೆಕ್ಕ ಒಂದೇ ನೋಟಕ್ಕೆ ಹತ್ತುತ್ತದೆ.

ಚಂದ್ರನ ಮುಳ್ಳಿನ ಮೇಲಿರುವ ಗುಂಡು ಅರ್ಧ ಕಪ್ಪು, ಅರ್ಧ ಬೆಳ್ಳಿ. ಅದು ತಾನೇ ಹೊರಳಿ ಪಕ್ಷ ತೋರಿಸುತ್ತದೆ. ಆ ದಿನದ ತಿಥಿ ನೋಡಿಕೊಂಡು ಹೋದರೆ ತಾಳೆ ಹಾಕಬಹುದು.

ರಾಶಿಯಲ್ಲಿ ಮಾತ್ರ ನಮ್ಮ ಪಂಚಾಂಗಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಅದು ಋತುಗಳಿಗೆ ಹೊಂದಿಸಿ ರಾಶಿ ಎಣಿಸುವ ಸಾಯನ ಪದ್ಧತಿ, ನಮ್ಮದು ನಕ್ಷತ್ರಗಳಿಗೆ ಹೊಂದಿಸುವ ನಿರಯಣ. ಎರಡರ ನಡುವೆ ಈಗ ಸುಮಾರು 24 ಡಿಗ್ರಿ ಅಂತರ. ನಮ್ಮ ಮಕರ ಸಂಕ್ರಾಂತಿ ಜನವರಿ 14–15ಕ್ಕೆ ಬಂದರೆ, ಆ ಗಡಿಯಾರದ ಸೂರ್ಯ ಮಕರಕ್ಕೆ ಕಾಲಿಡುವುದು ಡಿಸೆಂಬರ್ 21–22ಕ್ಕೆ. ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಈ ಮುಖಫಲಕದ ಕೆಳಗಿರುವ ಎರಡನೆಯ ಚಕ್ರ ವರ್ಷದ ಕ್ಯಾಲೆಂಡರ್. ಅದಕ್ಕೆ ಯೋಸೆಫ್ ಮಾನೆಸ್ 1866ರಲ್ಲಿ 12 ತಿಂಗಳ ರೈತಾಪಿ ಕೆಲಸಗಳ ಚಿತ್ರ ಬರೆದ.

ಬಾದಾಮಿ ಭಾಗದಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಗೈಡ್ ಹೇಳುವ ಕಥೆಗಳಲ್ಲಿ ಯಾವುದು ದಾಖಲೆ, ಯಾವುದು ದಂತಕಥೆ ಎಂದು ಮೊದಲೇ ತಿಳಿದರೆ ಒಳ್ಳೆಯದು.
– ಶಿಕ್ಷಕರು, ಬಾಗಲಕೋಟೆ ಜಿಲ್ಲೆ

ಗಡಿಯಾರ ಮಾಡಿದ ಹನುಶ್ ಎಂಬ ಕುಶಲಕರ್ಮಿ ಇಂಥದ್ದನ್ನು ಇನ್ನೊಂದು ಊರಿಗೆ ಮಾಡಿಕೊಡಬಾರದೆಂದು ಅವನ ಕಣ್ಣು ಕೀಳಿಸಿದರು ಎಂಬುದು ದಂತಕಥೆ. ದಾಖಲೆ ಹೇಳುವ ಹೆಸರು ಕಡಾನ್ ಊರಿನ ಮಿಕುಲಾಶ್. ಗೋಲ್ಡನ್ ಲೇನ್‌ನಲ್ಲಿ ರಸವಾದಿಗಳು ಲೋಹದಿಂದ ಬಂಗಾರ ಮಾಡುತ್ತಿದ್ದರು ಎಂಬುದೂ ಕಥೆಯೇ. ಅಲ್ಲಿದ್ದವರು ಕೋಟೆಯ ಕಾವಲುಗಾರರು, ಅಕ್ಕಸಾಲಿಗರು. ಬರಹಗಾರ ಫ್ರಾಂಜ್ ಕಾಫ್ಕಾ 1916–17ರಲ್ಲಿ ಅಲ್ಲಿಯ 22ನೇ ನಂಬರಿನ ಮನೆಯಲ್ಲಿ ಕೂತು ಬರೆಯುತ್ತಿದ್ದದ್ದು ಮಾತ್ರ ನಿಜ.

ದಾಖಲೆಯಾದವು: ಚಾರ್ಲ್ಸ್ ಸೇತುವೆಗೆ 1357ರಲ್ಲಿ ಬೊಹೆಮಿಯಾದ ರಾಜ ನಾಲ್ಕನೇ ಚಾರ್ಲ್ಸ್ ಅಡಿಗಲ್ಲಿಟ್ಟ. ನಮ್ಮಲ್ಲಿ ಬಹಮನಿ ರಾಜ್ಯ ಹುಟ್ಟಿ ಹತ್ತು ವರ್ಷವಾಗಿತ್ತು. ಸೇತುವೆಗೆ 16 ಕಮಾನು, ಮೇಲೆ 30 ಶಿಲ್ಪಗಳು, ಅವುಗಳಲ್ಲಿ ಬಹಳಷ್ಟು ಈಗ ಪ್ರತಿಕೃತಿಗಳು. ಎಲ್ಲಕ್ಕೂ ಹಳೆಯದು 1683ರ, ನೆಪೋಮುಕ್ ಯೋಹಾನ ಎಂಬ ಪಾದ್ರಿಯ ಕಂಚಿನ ಮೂರ್ತಿ. ಕೋಟೆಯ ಕಡೆಯಿಂದ ಬರುವಾಗ ಎಡಗಡೆಗೆ ಸಿಗುತ್ತದೆ. 1393ರಲ್ಲಿ ಅವನನ್ನು ನದಿಗೆ ಎಸೆಯಲಾಯಿತು. ಪೀಠದ ಫಲಕವನ್ನು ಜನ ಸವರಿ ಸವರಿ ಲಕಲಕ ಹೊಳೆಯುವಂತೆ ಮಾಡಿದ್ದಾರೆ.

ನೀವು ತಪ್ಪಿಸಬಾರದ ಜಾಗ ಹಳೆಯ ಅರಮನೆಯ ವ್ಲಾದಿಸ್ಲಾವ್ ಸಭಾಂಗಣ. 62 ಮೀಟರ್ ಉದ್ದ, 16 ಮೀಟರ್ ಅಗಲ, ನಡುವೆ ಒಂದೂ ಕಂಬವಿಲ್ಲ. ಅದರ ಪಕ್ಕದ ಕಚೇರಿಯ ಕಿಟಕಿಯಿಂದಲೇ 1618ರ ಮೇ 23ರಂದು ಪ್ರೊಟೆಸ್ಟಂಟ್ ಸರದಾರರು ಚಕ್ರವರ್ತಿಯ ಇಬ್ಬರು ಅಧಿಕಾರಿಗಳನ್ನೂ ಅವರ ಗುಮಾಸ್ತನನ್ನೂ ಹೊರಗೆ ತಳ್ಳಿದರು. ಮೂವರೂ ಬದುಕಿದರು, ಆದರೆ ಯುರೋಪ್ 30 ವರ್ಷ ಯುದ್ಧದಲ್ಲಿ ಬೆಂದಿತು. ಆ ಬಂಡಾಯದ ಬೆಲೆ ಹಳೇ ಪೇಟೆಯ ಚೌಕದಲ್ಲಿ ಕಾಣುತ್ತದೆ: ಟೌನ್ ಹಾಲ್‌ನ ಪೂರ್ವದ ಗೋಡೆಯ ಬುಡದಲ್ಲಿ ನೆಲಹಾಸಿನ ಮೇಲೆ 27 ಬಿಳಿ ಶಿಲುಬೆಗಳಿವೆ, 1621ರ ಜೂನ್ 21ರಂದು ಅಲ್ಲಿ ಗಲ್ಲಿಗೇರಿಸಿದ, ತಲೆ ಕಡಿದ 27 ಜನರ ಗುರುತು. ಗುಂಪು ಮಾತಾಡುತ್ತ ಅದರ ಮೇಲೆಯೇ ನಡೆದುಹೋಗಿಬಿಡುತ್ತದೆ. ತೋರಿಸಲು ಗೈಡ್‌ಗೆ ಹೇಳಿ. ಮಕ್ಕಳಿಗೆ ಪಾಠ ಮಾಡುವಾಗ ನಿಮಗೆ ಹೋಲಿಕೆಗೆ ಒಂದು ಮಾತು: ಪ್ರಾಗ್ ಕೋಟೆ 9ನೇ ಶತಮಾನದ್ದು, ಬಾದಾಮಿಯ ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದ್ದು.

ಯೂರೋ ತಗೊಂಡು ಹೋದರೆ ಸಾಲದೇ? ಅಲ್ಲಿ ಹಣ ಬದಲಿಸುವಾಗ ಮೋಸವಾಗುತ್ತದೆ ಎನ್ನುತ್ತಾರೆ.
– ವ್ಯಾಪಾರಿ, ಗೋಕಾಕ

ಝೆಕ್ ದೇಶ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿಯ ಹಣ ಕೊರುನಾ. ಕೆಲವು ಅಂಗಡಿಗಳು ಯೂರೋ ತಗೊಳ್ಳುತ್ತವೆ, ಆದರೆ ದರ ಅವರದ್ದು, ಚಿಲ್ಲರೆ ಕೊರುನಾದಲ್ಲಿ. ಒಂದು ಮಧ್ಯಾಹ್ನಕ್ಕೆ ಕಾರ್ಡೇ ಸಾಕು. ಕಾರ್ಡ್ ಯಂತ್ರ ‘ರೂಪಾಯಿಯಲ್ಲೋ ಕೊರುನಾದಲ್ಲೋ’ ಎಂದು ಕೇಳಿದರೆ ಕೊರುನಾ ಒತ್ತಿ. ರೂಪಾಯಿ ಒತ್ತಿದರೆ ದರ ನಿಗದಿ ಮಾಡುವುದು ಆ ಯಂತ್ರದವರು, ನಿಮ್ಮ ಬ್ಯಾಂಕ್ ಅಲ್ಲ. ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ, ಇದೇ ಉತ್ತರ. ಯೂರೋ ತುಂಬಿಸಿದ ಫಾರೆಕ್ಸ್ ಕಾರ್ಡನ್ನು ಕೊರುನಾಕ್ಕೆ ಬಳಸಿದರೆ ಸಾಮಾನ್ಯವಾಗಿ ಪರಿವರ್ತನೆ ಶುಲ್ಕ ಬೀಳುತ್ತದೆ, ಬ್ಯಾಂಕಿನಲ್ಲಿ ಕೇಳಿಕೊಂಡೇ ಹೊರಡಿ. ಶೌಚಾಲಯಗಳಿಗೆ ದುಡ್ಡು ಕೊಡಬೇಕಾಗುತ್ತದೆ. 10, 20 ಕೊರುನಾದ ನಾಣ್ಯಗಳು ಕಿಸೆಯಲ್ಲಿರಲಿ.

ನಗದು ಬದಲಿಸಲೇಬೇಕಾದರೆ ‘ಕಮಿಷನ್ ಇಲ್ಲ’ ಎಂಬ ಬೋರ್ಡ್ ನೋಡಿ ಮರುಳಾಗಬೇಡಿ. ಬೋರ್ಡಿನಲ್ಲಿ ದೊಡ್ಡದಾಗಿ ಕಾಣುವುದು ಎಷ್ಟೋ ಸಲ ಅವರು ಮಾರುವ ದರ, ನಿಮಗೆ ಬೇಕಾದದ್ದು ಅವರು ಕೊಳ್ಳುವ ದರ. ‘100 ಯೂರೋಗೆ ಕೈಗೆ ಎಷ್ಟು ಕೊರುನಾ ಕೊಡುತ್ತೀರಿ?’ ಎಂದು ಕೇಳಿ, ಬರೆಸಿಕೊಂಡ ಮೇಲೆಯೇ ನೋಟು ಕೊಡಿ. 2019ರ ಏಪ್ರಿಲ್‌ನಿಂದ ಅಲ್ಲಿ ಕಾನೂನಿದೆ: 1000 ಯೂರೋವರೆಗಿನ ವ್ಯವಹಾರವನ್ನು ಮೂರು ತಾಸಿನೊಳಗೆ ಅದೇ ಅಂಗಡಿಯಲ್ಲಿ ರದ್ದು ಮಾಡಿಸಬಹುದು. ರಸೀದಿ ಕಳೆಯಬೇಡಿ. ಬೀದಿಯಲ್ಲಿ ‘ಒಳ್ಳೆ ದರ ಕೊಡ್ತೀನಿ’ ಎಂದು ಬಂದವನ ಕೈಯಲ್ಲಿರುವುದು ಬೇರೆ ದೇಶದ, ಬೆಲೆಯಿಲ್ಲದ ನೋಟಾಗಿರುತ್ತದೆ. ಕೊರುನಾದ 100ರ ನೋಟಿನ ಮೇಲೆ ಸೇತುವೆ ಕಟ್ಟಿಸಿದ ನಾಲ್ಕನೇ ಚಾರ್ಲ್ಸ್ ಇರುತ್ತಾನೆ.

ಶುದ್ಧ ಸಸ್ಯಾಹಾರಿಗಳು. ಬುತ್ತಿ ಒಯ್ಯಬಹುದೇ? ಇಂಡಿ ಲಿಂಬೆಹಣ್ಣು, ಬೆಳಗಾವಿ ಕುಂದಾ ಜೊತೆಗಿರಲಿ ಎಂದಿದ್ದೇವೆ.
– ಓದುಗರು, ಇಂಡಿ

ಅವೆರಡನ್ನೂ ಮನೆಯಲ್ಲೇ ಬಿಡಿ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹೋಗುವವರು ಹಾಲಿನ ಮತ್ತು ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಕುಂದಾ, ಪೇಢೆ, ತುಪ್ಪ ಎಲ್ಲ ಅದರೊಳಗೇ ಬರುತ್ತವೆ. ತಾಜಾ ಹಣ್ಣು, ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಒಗ್ಗರಣೆ ಹಾಕಿದ ಚುರಮುರಿಗೆ ಅಡ್ಡಿಯಿಲ್ಲ.

ಅಲ್ಲಿ ಊಟಕ್ಕೆ ಕೂತಾಗ ಗೈಡ್‌ಗೆ ‘ಮಾಂಸವಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ತರಕಾರಿ ಸೂಪಿಗೂ ಮಾಂಸ ಬೇಯಿಸಿದ ನೀರು ಹಾಕುವುದುಂಟು, ಕರಿದ ಚೀಸಿನ ಹೊರಪದರಕ್ಕೆ ಮೊಟ್ಟೆ ಬಳಸುತ್ತಾರೆ, ಬೇಯಿಸಿದ ಹಿಟ್ಟಿನ ಕ್ನೆಡ್ಲಿಕ್‌ನಲ್ಲೂ ಬಹಳ ಸಲ ಮೊಟ್ಟೆ ಇರುತ್ತದೆ. ಬೀದಿಬೀದಿಗೂ ಮಾರುವ, ಸಕ್ಕರೆ ಸವರಿದ ಸುರುಳಿ ತ್ರ್‌ದೆಲ್ನಿಕ್‌ನ ಹಿಟ್ಟಿಗೂ ಮೊಟ್ಟೆ ಬೆರೆಸುತ್ತಾರೆ. ಮೂರನ್ನೂ ಬೇರೆಬೇರೆ ಹೆಸರಿಸಿ ಕೇಳಿ: ಮಾಂಸ, ಮೊಟ್ಟೆ, ಮಾಂಸದ ರಸ. ತಟ್ಟೆಯ ತೂಕ ನೋಡಿ ಹಣ ತಗೊಳ್ಳುವ ಸಸ್ಯಾಹಾರಿ ಬಫೆಗಳೂ ಭಾರತೀಯ ಹೋಟೆಲುಗಳೂ ಊರಲ್ಲಿವೆ. ನಲ್ಲಿ ನೀರು ಕುಡಿಯಲು ಯೋಗ್ಯ.

ಇಳಕಲ್ ಸೀರೆ ಉಟ್ಟು ಸುತ್ತಬಹುದೇ? ಚರ್ಚಿನೊಳಗೆ ಏನಾದರೂ ಕಟ್ಟುಪಾಡು ಇದೆಯೇ?
– ಓದುಗರು, ಇಳಕಲ್

ಧಾರಾಳವಾಗಿ ಉಡಿ. ನಿರಿಗೆ ಪಾದದ ಗಂಟಿಗಿಂತ ಸ್ವಲ್ಪ ಮೇಲಿರಲಿ, ಕಾಲಿಗೆ ಸಪಾಟು ತಳದ ಸ್ಪೋರ್ಟ್ಸ್ ಶೂ ಇರಲಿ. ಹಿಮ್ಮಡಿ ಎತ್ತರದ ಚಪ್ಪಲಿಯ ತುದಿ ಕಲ್ಲಿನ ಸಂದಿಗೆ ಇಳಿದು ಕಾಲು ಹೊರಳುತ್ತದೆ. ಚರ್ಚಿನಲ್ಲಿ ಗಂಡಸರು ಟೊಪ್ಪಿಗೆ ತೆಗೆಯಬೇಕು. ಯಹೂದಿ ಕೇರಿ ಯೋಸೆಫೊವ್‌ಗೆ ಹೋದರೆ ಅದಕ್ಕೆ ಉಲ್ಟಾ, ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಶನಿವಾರ ಅಲ್ಲಿಯ ಸಿನಗಾಗ್‌ಗಳು (ಯಹೂದಿ ಪ್ರಾರ್ಥನಾ ಮಂದಿರಗಳು) ಪ್ರವಾಸಿಗರಿಗೆ ತೆರೆಯುವುದಿಲ್ಲ. ಪಿಂಕಾಸ್ ಸಿನಗಾಗ್‌ನ ಗೋಡೆಗಳ ಮೇಲೆ ನಾಜಿಗಳು ಕೊಂದ ಸುಮಾರು 78 ಸಾವಿರ ಯಹೂದಿಗಳ ಹೆಸರು ಬರೆದಿದ್ದಾರೆ. ಅಲ್ಲಿ ಫೋಟೊಕ್ಕೆ ನಿಲ್ಲಬೇಡಿ. ನಾಲ್ಕು ತಾಸಿನಲ್ಲಿ ಕೋಟೆ ಮತ್ತು ಯೋಸೆಫೊವ್ ಎರಡೂ ಆಗುವುದಿಲ್ಲ, ಮರುದಿನ ಬೆಳಗ್ಗೆಗೆ ಇಟ್ಟುಕೊಳ್ಳಿ.

ಗುಂಪಿನಿಂದ ತಪ್ಪಿಸಿಕೊಂಡರೆ? ಕಿಸೆಗಳ್ಳರ ಕಾಟ ಇದೆಯಂತೆ.
– ಕಾಲೇಜು ವಿದ್ಯಾರ್ಥಿ, ಬೆಳಗಾವಿ

ಕಾಟವಿರುವ ಜಾಗಗಳು ಗೊತ್ತಿರುವಂಥವೇ: ಗಂಟೆ ಹೊಡೆಯುವ ಹೊತ್ತಿನ ಗಡಿಯಾರದ ಮುಂಭಾಗ, ಸೇತುವೆಯ ಗಾಯಕರ ಸುತ್ತ, ತುಂಬಿದ 22ನೇ ಟ್ರಾಮ್. ಎಲ್ಲರ ಕತ್ತು ಮೇಲಿರುವಾಗ, ಇಲ್ಲವೇ ಬಾಗಿಲಲ್ಲಿ ನೂಕಾಟವಾಗುವಾಗ ಕೈ ಬೀಳುತ್ತದೆ. ಬ್ಯಾಗನ್ನು ಎದೆಯ ಮೇಲೆ ಹಾಕಿಕೊಳ್ಳಿ, ಫೋನನ್ನು ಹಿಂದಿನ ಕಿಸೆಯಲ್ಲಿ ಇಡಬೇಡಿ. ನಮ್ಮಂಥ ಹೊರದೇಶದವರು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಬೇಕೆಂಬ ನಿಯಮವಿದೆ, ಹಾಗಾಗಿ ಅಂಗಿಯೊಳಗಿನ ಚೀಲ ಬೇಕು. ಅದರ ಪ್ರತಿಯನ್ನು ಫೋನಿನಲ್ಲೂ ಮನೆಯವರ ಬಳಿಯೂ ಇಡಿ.

ಗೈಡ್ ಮಾತು ಕೇಳಲು ಕೊಟ್ಟ ಕಿವಿಯಂತ್ರದ ದನಿ ಕಡಿಕಡಿಯಾಗಿ ಬರತೊಡಗಿದರೆ ನೀವು ಹಿಂದುಳಿದಿದ್ದೀರಿ ಎಂದರ್ಥ. ಪೂರ್ತಿ ನಿಂತಿತೋ, ಹುಡುಕುತ್ತ ಓಣಿಗಳಿಗೆ ಇಳಿಯಬೇಡಿ. ಹಳೇ ಪೇಟೆಯ ಓಣಿಗಳು ಬಾಗಿ ಬಾಗಿ ದಿಕ್ಕು ತಪ್ಪಿಸುತ್ತವೆ. ಕೊನೆಯ ಸಲ ಗುಂಪನ್ನು ಕಂಡ ಜಾಗದಲ್ಲೇ ನಿಂತು ಗೈಡ್‌ಗೆ ಫೋನ್ ಮಾಡಿ. ಅದಕ್ಕೆಂದೇ ಟೂರ್ ಶುರುವಾಗುವ ಮೊದಲು ಗೈಡ್‌ನ ನಂಬರ್, ಮುಗಿಯುವ ಜಾಗದ ಹೆಸರು, ಹೋಟೆಲಿನ ವಿಳಾಸ ಮೂರನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತುರ್ತು ಸಹಾಯಕ್ಕೆ 112, ಪೊಲೀಸರಿಗೆ 158. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರಿನ ಪ್ರತಿ ಪಡೆದು, ಆಮೇಲೆ ಪ್ರಾಗ್‌ನಲ್ಲೇ ಇರುವ ಭಾರತೀಯ ರಾಯಭಾರ ಕಚೇರಿಗೆ ಹೋಗಿ.